ನಮ್ಮ ಸೆಟ್ ಸರ್

ದೇವಾನಂದ ಸರ್ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ ಎಂದು ನಮ್ಮಪ್ಪ ಮುಖಕ್ಕೆ ಹೊಡೆದ ಹಾಗೆ ಹೇಳಿದ. "ಅವರ ಜಾಗಾದಾಗ ಕುಂತು ಅವರ ಬಗ್ಗೆನೇ ಬರೀತೀ ಏನ್? ನಾಚ್ಕಿ ಬರಂಗಿಲ್ಲ ನಿನಗ?" ಎಂದ. ಬರುತ್ತದೆ. ಬಂದರೂ ಬರೆಯುತ್ತೇನೆ. ಹಾರ ಹಾಕಿಸಿಕೊಂಡವರ ಬಗ್ಗೆ ಬರೆಯಲು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಹದಿನಾಲ್ಕು ವರ್ಷ ಒಂದೇ ಕಾಲೇಜಿನಲ್ಲಿ ಅತಿಥಿಯಾಗಿದ್ದ ಮನುಷ್ಯನ ಬಗ್ಗೆ ಬರೆಯುವವರು ಯಾರೂ ಇಲ್ಲ.

ನಾನು ಲುಂಬಿನಿ. ಚಿತ್ತಾಪುರ ತಾಲೂಕಿನ ದಂಡೋತಿಯವಳು. ನಮ್ಮಪ್ಪ ಧರ್ಮಣ್ಣ ಮನೆ ಮನೆಗೆ ಫರ್ಸಿ ಕಲ್ಲು ಹಾಸುವ ಕೆಲಸ ಮಾಡುತ್ತಾನೆ. ನಾನು ಬಿ.ಎ. ಓದಿದ್ದು ಸೇಡಂ ಕಡೆಯ ಒಂದು ಸರ್ಕಾರಿ ಕಾಲೇಜಿನಲ್ಲಿ. ಹೆಸರು ಬರೆಯುವುದಿಲ್ಲ, ಆ ಕಟ್ಟಡದ್ದೇನೂ ತಪ್ಪಿಲ್ಲ. ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು ದೇವಾನಂದ ಸರ್, ಅತಿಥಿ ಉಪನ್ಯಾಸಕರು. ನಮ್ಮ ಮನೆಗೆ ಅತಿಥಿ ಬಂದರೆ ಕಾಲಿಗೆ ನೀರು ಕೊಡುತ್ತೇವೆ, ಕುಂದ್ರಿ ಎನ್ನುತ್ತೇವೆ, ಚಹಾ ಇಡುತ್ತೇವೆ. ಸರ್ಕಾರದ ಅತಿಥಿ ಮಾತ್ರ ವರ್ಷ ಮುಗಿದ ಕೂಡಲೇ ಮನೆಗೆ ಹೋಗಿ, ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಫೋನು ನೋಡುತ್ತ ಕೂರಬೇಕು. ಸರ್ ಹಾಗೆ ಹದಿನಾಲ್ಕು ಸಲ ಕೂತಿದ್ದರು.

ಮೊದಲ ದಿನ ಅವರು ಕ್ಲಾಸಿಗೆ ಬಂದಾಗ ನಾವು ನಲವತ್ತು ಜನ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆವು. ಇಂಗ್ಲಿಷ್ ಎಂದರೆ ನಮಗೆ ಗೈಡ್ ಬಾಯಿಪಾಠ ಮಾಡಿ ಹೇಗೋ ದಾಟಿ ಬಂದ ಹಳ್ಳ. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಹಾಜರಿ ಪುಸ್ತಕ. ಬಂದವರೇ ಬೋರ್ಡಿನ ಮೇಲೆ ಮೂರಕ್ಷರದ ಒಂದು ಇಂಗ್ಲಿಷ್ ಪದ ಬರೆದರು: ಸೆಟ್.

"ಇದು ನಿಮಗ ಬರ್ತದೇನು?" ಎಂದು ಕೇಳಿದರು.

ನಾವು ಬೆಂಚಿನ ಕೆಳಗೆ ಗೈಡ್ ತಡಕಾಡಿದೆವು.

"ಬರ್ತದ. ನಿಮ್ಮವ್ವಗೂ ಬರ್ತದ, ನಿಮ್ಮ ಮುತ್ಯಾಗೂ ಬರ್ತದ. ಮನಿಗಿ ಹೋಗ್ರಿ. ಈ ಮಾತು ಯಾರ ಬಾಯಾಗ ಹೆಂಗ್ ಹೆಂಗ್ ಬರ್ತದ, ಕೇಳ್ಕೊಂಡು ನಾಳಿಗಿ ಬರ್ರಿ. ಗೈಡ್ ನೋಡಬ್ಯಾಡ್ರಿ, ಮಂದಿ ಬಾಯಿ ನೋಡ್ರಿ."

ಇದೆಂಥ ಮೇಷ್ಟ್ರಪ್ಪ ಎಂದು ನಗುತ್ತಲೇ ಮನೆಗೆ ಹೋದೆ. ಹೊಸ್ತಿಲು ದಾಟುವುದರೊಳಗೆ ಅಪ್ಪ ಕೂಗಿದ: "ಏ ಹುಡುಗಿ, ಅಲ್ಲಿ ಕಾಲಿಡಬ್ಯಾಡ! ಸಿಮೆಂಟ್ ಇನ್ನಾ ಸೆಟ್ ಆಗಿಲ್ಲ." ಅಲ್ಲೇ ಒಂದು ಕಾಲು ಎತ್ತಿಕೊಂಡು ನಿಂತೆ. ಅಪ್ಪನಿಗೆ ಇಂಗ್ಲಿಷ್ ಬರುತ್ತದೆ ಎಂದು ನನಗೆ ಹದಿನೆಂಟು ವರ್ಷ ಗೊತ್ತೇ ಇರಲಿಲ್ಲ.

ಮರುದಿನ ಕ್ಲಾಸು ಸಂತೆಯಾಯಿತು. ವಾಡಿಯ ಹುಡುಗಿಯೊಬ್ಬಳು ಅಕ್ಕನ ಮದುವೆಗೆ ತಂದ ಕಿವಿ ಕೊರಳಿನ ಸೆಟ್ ಎಂದಳು. ಒಬ್ಬ ಪಂಪ್‌ಸೆಟ್ ಎಂದ. ತಹಶೀಲ್ ಆಫೀಸಿನಲ್ಲಿ ಎರಡು ಸೆಟ್ ಜೆರಾಕ್ಸ್ ಕೇಳುತ್ತಾರೆ ಎಂದು ಇನ್ನೊಬ್ಬ. ವಾಲಿಬಾಲ್ ಆಡುವವರು ಮೂರು ಸೆಟ್ ಗೆದ್ದೆವು ಎಂದರು. ಹಿಂದಿನ ಬೆಂಚಿನಿಂದ ಯಾರೋ, "ಅವರಿಬ್ರೂ ಸೆಟ್ ಆಗ್ಯಾರ ಸರ್" ಎಂದು ಒಂದು ಹುಡುಗ ಹುಡುಗಿಯ ಕಡೆ ಕೈ ಮಾಡಿದಾಗ ಇಡೀ ಕ್ಲಾಸು ಹೋ ಎಂದಿತು. ಸರ್ ಅದನ್ನೂ ಬರೆದುಕೊಂಡರು. ಸೇಡಂನ ತೌಸೀಫ್ ಎದ್ದು ನಿಂತು, "ನಮ್ಮ ಅಬ್ಬಾಂದು ಮೈಕ್‌ಸೆಟ್ ಅದರಿ ಸರ್. ಆಟೋಕ್ಕ ಕಟ್ಟಿ ಊರೂರು ಒದರ್ತೀವಿ" ಎಂದ.

"ಛಲೋ ಆಯ್ತು, ಕೂಡು. ನಿನ್ನ ಹೆಸರಿನ್ಯಾಗೇ ಬರ್ಕೋತೀನಿ."

ಆಮೇಲೆ ಅವರು ಹೇಳಿದ್ದು ನನಗೆ ಇವತ್ತಿಗೂ ಬಾಯಿಪಾಠ. "ನಾವು ಹಾಲು ಹೆಪ್ಪಾಯ್ತು ಅಂತೀವಿ, ಸಿಮೆಂಟ್ ಗಟ್ಟಿ ಆಯ್ತು ಅಂತೀವಿ, ಮುರದ ಎಲುಬು ಕೂಡ್ತು ಅಂತೀವಿ, ಹೊತ್ತು ಮುಣಗ್ತು ಅಂತೀವಿ. ಇಂಗ್ಲಿಷಿನವ ಈ ನಾಕಕ್ಕೂ ಸೆಟ್ ಅಂತಾನ. ಗಡಿಯಾರಕ್ಕ ಗಂಟಿ ಇಟ್ರೂ ಸೆಟ್, ಉಂಗರಕ್ಕ ಹರಳು ಕೂಡಿಸಿದ್ರೂ ಸೆಟ್, ಪ್ರಶ್ನೆಪತ್ರಿಕೆ ತಗದ್ರೂ ಸೆಟ್. ದೊಡ್ಡ ಡಿಕ್ಷನರಿಯಾಗ ಈ ಮೂರಕ್ಷರಕ್ಕ ಪುಟಗಟ್ಲೆ ಅರ್ಥ ಅವ. ಪಾಪ, ಒಂದೇ ಅಂಗಿ ಎಲ್ಲಾ ಮದಿವಿಗೂ ಹಾಕ್ಕೊಂಡು ಹೋಗ್ತಾರ ನೋಡ್ರಿ ಅವರು. ಅಂಥ ಬಡವರ ಮುಂದ ನೀವ್ಯಾಕ ಹೆದರ್ತೀರಿ?"

ಅವತ್ತಿನಿಂದ ನಮಗೆ ಇಂಗ್ಲಿಷಿನ ಹೆದರಿಕೆ ಹೋಯಿತು. ಅವರಿಗೆ ಸೆಟ್ ಸರ್ ಎಂಬ ಹೆಸರು ಬಿತ್ತು. ಪ್ರತಿ ವರ್ಷ ಹೊಸ ಮಕ್ಕಳಿಗೆ ಅದೇ ಮೊದಲ ಪಾಠ. ಕೇಳಿದ್ದನ್ನೆಲ್ಲ ಬರೆದಿಡಲು ಅವರದ್ದೊಂದು ಇನ್ನೂರು ಪುಟದ ನೋಟ್‌ಬುಕ್ ಇತ್ತು. ಯಾರು, ಎಲ್ಲಿ, ಹೇಗೆ ಅಂದರು ಎಂಬುದೆಲ್ಲ ಅದರಲ್ಲಿ. ಚಿಂಚೋಳಿ ಬಸ್ಸಿನಲ್ಲಿ ಬಳೆ ಮಾರುವಾಕೆ ಹೇಳಿದ್ದು, ಶಹಾಬಾದಿನಲ್ಲಿ ಹಲ್ಲಿನ ಸೆಟ್ ಮಾಡುವ ಶೌಕತ ಅಲಿ ಹೇಳಿದ್ದು, ಎಲ್ಲ.

ಆ ಶೌಕತ ಅಲಿಯ ಹತ್ತಿರ ಸರ್ ಹೋಗಿದ್ದು ತಾಯಿಗೆ ಹಲ್ಲು ಕಟ್ಟಿಸಲು. ಸರ್ ಆಡಕಿಯವರು. ತಾಯಿ ಅನಸುಬಾಯಿ ಮಂದಿಯ ತೊಗರಿ ಹೊಲದಲ್ಲಿ ಕೂಲಿ ಮಾಡಿ ಮಗನನ್ನು ಕಲಬುರಗಿಗೆ ಕಳಿಸಿ ಎಂ.ಎ. ಓದಿಸಿದಳು. ಮುದುಕಿ ಆ ಹಲ್ಲನ್ನು ಉಣ್ಣುವಾಗ ತೆಗೆದಿಡುತ್ತಾಳೆ, ಅತಿಥಿಗಳು ಬಂದಾಗ ಹಾಕಿಕೊಳ್ಳುತ್ತಾಳೆ. ಸರ್‌ಗೆ ನಲವತ್ತಮೂರು ದಾಟಿದೆ, ಮದುವೆಯಾಗಿಲ್ಲ. ಹೆಣ್ಣು ಕೊಡುವವರು ಮೊದಲು ಕೇಳುವುದು ಪರ್ಮನೆಂಟ್ ಏನ್ರಿ ಎಂದು. ಇಲ್ಲ ಎಂದ ಮೇಲೆ ಚಹಾ ಕುಡಿದು ಎದ್ದು ಹೋಗುತ್ತಾರೆ. "ನನ್ ಮಗನ ಲೈಫ್ ಯಾವಾಗ ಸೆಟ್ ಆಗ್ತದವ್ವಾ?" ಎಂದು ಅನಸುಬಾಯಿ ನನ್ನ ಹತ್ತಿರವೇ ಹತ್ತು ಸಲ ಕೇಳಿದ್ದಾಳೆ.

ಈಗ ಒಂದು ಪದ್ಧತಿಯ ವಿಷಯ ಹೇಳಬೇಕು, ಯಾಕೆಂದರೆ ಸರ್ ಕೆಟ್ಟದ್ದು ಅದನ್ನು ನಂಬಿ. ನಮ್ಮ ಕಾಲೇಜಿನಲ್ಲಿ ಇಂಗ್ಲಿಷಿಗೆ ವಾರಕ್ಕೆ ಹದಿನಾರು ತಾಸು ಪಾಠ. ಅತಿಥಿಗಳು ಇಬ್ಬರು ಬಂದರೆ ಪ್ರಿನ್ಸಿಪಾಲ್ ಮಡಿವಾಳಯ್ಯ ಸರ್ ಟೈಮ್‌ಟೇಬಲ್ ಮುಂದೆ ಇಟ್ಟುಕೊಂಡು ಪೆನ್ಸಿಲಿನಲ್ಲಿ ಎಂಟು ಎಂಟು ಮಾಡಿಬಿಡುತ್ತಿದ್ದರು. ಬರುವ ಪಗಾರವೂ ಅರ್ಧ ಅರ್ಧ. ಹೊಟ್ಟೆ ತುಂಬುತ್ತಿರಲಿಲ್ಲ, ಆದರೆ ಯಾರೂ ಮನೆಗೆ ಹೋಗುತ್ತಿರಲಿಲ್ಲ. ದೇವಾನಂದ ಸರ್ ಪದ್ಮಶ್ರೀ ಮೇಡಂ ಜೊತೆ ಆರು ವರ್ಷ ಹಾಗೇ ಹಂಚಿಕೊಂಡು ದುಡಿದರು. ಮೇಡಂ ಬಾಣಂತನಕ್ಕೆ ಹೋದಾಗ ಅವರ ಎಂಟೂ ತಾಸು ಸರ್ ತಾವೇ ತೆಗೆದುಕೊಂಡರು, ಅವರ ಪಾಲಿನ ಪಗಾರ ಮುಟ್ಟಲಿಲ್ಲ. ಆಮೇಲೆ ಪದ್ಮಶ್ರೀ ಮೇಡಂ ಗಂಡನ ಊರಿಗೆ ಹೋದರು, ಸರ್ ಒಬ್ಬರೇ ಉಳಿದರು.

ಅಷ್ಟರಲ್ಲಿ ಹೊಸ ನಿಯಮ ಬಂತು. ಅತಿಥಿಯಾಗಲಿಕ್ಕೂ ಒಂದು ಅರ್ಹತಾ ಪರೀಕ್ಷೆ ಪಾಸಾಗಿರಬೇಕಂತೆ, ಹಳಬರಿಗೆ ಮಾತ್ರ ಕೆಲವು ವರ್ಷ ಗಡುವಂತೆ. ಆ ಪರೀಕ್ಷೆಯ ಹೆಸರು ಏನು ಅಂತೀರಿ? ಸೆಟ್! ಕೇಳಿ ನಾವೆಲ್ಲ ನಕ್ಕೆವು. ಸೆಟ್ ಸರ್‌ಗೆ ಸೆಟ್ ಏನು ಮಹಾ ಎಂದೆವು. ಸರ್ ಆರು ಸಲ ಬರೆದರು, ಆರು ಸಲ ಬಿದ್ದರು. ನಾವು ನಗುವುದನ್ನು ಬಿಟ್ಟೆವು.

ಏಳನೆಯ ಸಲ ನಾನೂ ಜೊತೆಗೆ ಕೂತೆ. ಆಗ ನನ್ನ ಎಂ.ಎ. ಮುಗಿದಿತ್ತು. ನನಗೆ ಓದಿಸಿದ್ದೂ ಅವರೇ. ಭಾನುವಾರ ಭಾನುವಾರ ಕಾಲೇಜಿನ ವರಾಂಡದಲ್ಲಿ ಕೂಡಿಸಿ, ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ಹೇಳಿಕೊಟ್ಟರು. ಪರೀಕ್ಷೆಗೆ ಕಲಬುರಗಿಗೆ ಹೋಗಬೇಕು. ಸರ್ ಸೇಡಂನಲ್ಲಿ ರೈಲು ಹತ್ತಿ ನನಗೆ ಜಾಗ ಹಿಡಿದಿದ್ದರು, ನಾನು ಚಿತ್ತಾಪುರದಲ್ಲಿ ಹತ್ತಿದೆ. ವಾಡಿಯಲ್ಲಿ ರೈಲು ಎಷ್ಟೋ ಹೊತ್ತು ನಿಂತಿತು. ನಾನು ಉಗುರು ಕಚ್ಚುತ್ತಿದ್ದೆ. ಸರ್ ಮಾತ್ರ ಎದುರಿಗೆ ಕೂತಿದ್ದ, ಮನೆ ಕಟ್ಟುವ ಗೌಂಡಿಯೊಬ್ಬನ ಜೊತೆ ಸೆಂಟ್ರಿಂಗ್ ಎಂದರೇನು, ಸೆಟ್ಟಿಂಗ್ ಎಂದರೇನು ಎಂದು ಮಾತಿಗಿಳಿದಿದ್ದರು. ನನಗೆ ಸಿಟ್ಟು ಬಂತು. "ಸರ್, ಇವತ್ತರ ಆ ನೋಟ್‌ಬುಕ್ ಮುಚ್ರಿ!" ಎಂದೆ. ನಕ್ಕು ಮುಚ್ಚಿದರು.

ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಒಂದಕ್ಕೆ ದುಂಡಗೆ ಮಸಿ ತುಂಬಬೇಕು. ಮುಗಿದ ಮೇಲೆ ಬೇವಿನ ಮರದ ಕೆಳಗೆ ನಿಂತು ಒಂದು ಪ್ರಶ್ನೆ ತೋರಿಸಿ ಕೇಳಿದರು, "ಇದಕ್ಕ ನೀ ಏನ್ ಹಾಕ್ದಿ?"

"ಬಿ ಹಾಕ್ದೆ ಸರ್."

"ಯಾಕ?"

"ಸುಮ್ನ ಸರ್. ಬಿ ಅನಿಸ್ತು."

"ಹಂಗೇ ಹಾಕ್ಬೇಕವ್ವಾ. ನನಗ ಎ ಬಿ ಎರಡೂ ಖರೇ ಕಾಣಿಸಿದ್ವು. ಇನ್ನೊಂದ್ ಜರಾ ವಿಚಾರ ಮಾಡಿದ್ರ ಸಿ ಸೈತ ತಪ್ಪಲ್ಲ. ಅಷ್ಟೊತ್ತಿಗಿ ಗಂಟಿ ಆಯ್ತು."

ಇಪ್ಪತ್ತಮೂರು ಪ್ರಶ್ನೆಗಳನ್ನು ಖಾಲಿ ಬಿಟ್ಟು ಬಂದಿದ್ದರು. ನನಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ತಪ್ಪು ಉತ್ತರಕ್ಕೆ ಅಂಕವನ್ನೇನೂ ಕಡಿಯುವುದಿಲ್ಲ, ಕಣ್ಣು ಮುಚ್ಚಿ ಯಾವುದಾದರೂ ಒಂದು ತುಂಬಿದ್ದರೆ ನಾಲ್ಕೈದಾದರೂ ಸರಿಯಾಗುತ್ತಿದ್ದವು. ಹಾಗೆಂದು ಬೈದೇ ಬಿಟ್ಟೆ. "ಗೊತ್ತಿಲ್ಲದ್ದಕ್ಕ ಗೊತ್ತದ ಅಂತ ಹೆಂಗ್ ಗುರ್ತು ಹಾಕ್ಲಿ?" ಎಂದರು. ಇಂಥವರಿಗೆ ಏನು ಹೇಳುವುದು, ನೀವೇ ಹೇಳಿ.

ಫಲಿತಾಂಶ ಬಂತು. ನಾನು ಪಾಸು. ಸರ್‌ಗೆ ನಾಲ್ಕು ಅಂಕ ಕಡಿಮೆ. ಅಂದರೆ ಎರಡು ಪ್ರಶ್ನೆ. ನಾನು ಅಳುತ್ತ ಕಾಲೇಜಿಗೆ ಹೋದರೆ ಅವರು ಸೇಡಂ ಬಸ್‌ಸ್ಟ್ಯಾಂಡಿನಿಂದ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದು ಸ್ಟಾಫ್‌ರೂಮಿನಲ್ಲಿ ಹಂಚುತ್ತಿದ್ದರು. "ನಮ್ ಹುಡುಗಿ ಪಾಸಾಗ್ಯಾಳ್ರಿ, ತಗೋರಿ, ತಗೋರಿ" ಎಂದು ಎಲ್ಲರ ಕೈಗೂ ಇಟ್ಟರು.

ಅದಾದ ಮೇಲೆ ಅರ್ಜಿ. ಅತಿಥಿಯಾಗಬೇಕೆನ್ನುವವರು ಆನ್‌ಲೈನಿನಲ್ಲಿ ಯಾವ ಕಾಲೇಜು ಬೇಕು ಎಂದು ಒಂದು, ಎರಡು, ಮೂರು ಹಾಕಿ ಕೊಡಬೇಕು. ನಾನು ಮೊದಲನೆಯದು ಚಿಂಚೋಳಿ ಎಂದು ನಿರ್ಧಾರ ಮಾಡಿಕೊಂಡೇ ಹೋಗಿದ್ದೆ. ಸರ್ ಜೊತೆಗೆ ಬಂದಿದ್ದರು. ಅಂಬರೇಶ ಎಂಬುವವನ ಸೈಬರ್ ಅಂಗಡಿ. ಅಂಬರೇಶನನ್ನು ಸರಿಸಿ ಸರ್ ತಾವೇ ಕುರ್ಚಿಯಲ್ಲಿ ಕೂತರು.

"ಚಿಂಚೋಳಿ ಯಾಕ? ದಂಡೋತಿಯಿಂದ ಎಷ್ಟು ಬಸ್ ಬದಲಾಸ್ಬೇಕು ಗೊತ್ತದೇನು? ಮಳಿಗಾಲದಾಗ ಕಾಗಿಣಾ ಹೊಳಿ ಸೇತುವೆ ಮ್ಯಾಲ ಬಂತಂದ್ರ ಎಲ್ಲಿ ಇರ್ತಿ? ಸೇಡಂ ಹಾಕು."

"ಸೇಡಂದಾಗ ನೀವಿದ್ದೀರಲ್ಲ ಸರ್."

"ಇದ್ರೇನಾಯ್ತು? ಹದಿನಾರು ತಾಸು ಅವ. ಎಂಟು ನಿಂದು, ಎಂಟು ನಂದು. ಪದ್ಮಶ್ರೀ ಮೇಡಂ ಜೊತಿಗಿ ಮಾಡಿಲ್ಲೇನು?"

"ಹೊಸ ನಿಯಮದಾಗ ಹಂಗ ನಡೀತದೇನ್ರಿ ಸರ್?"

"ಕಾಗದದಾಗ ಸಾವಿರ ಬರೀತಾರವ್ವಾ. ಟೈಮ್‌ಟೇಬಲ್ ಹಾಕೋರು ಯಾರು? ಮಡಿವಾಳಯ್ಯ ಸರ್. ನಾ ಮಾತಾಡ್ತೀನಿ, ಎಲ್ಲಾ ಸೆಟ್ ಆಗ್ತದ. ನೀ ಫಿಕರ್ ಮಾಡಬ್ಯಾಡ."

ಒಂದನೇ ನಂಬರಿನ ಮುಂದೆ ತಮ್ಮ ಕೈಯಾರೆ ಸೇಡಂ ಎಂದು ಒತ್ತಿದರು. ನನ್ನ ಮೊಬೈಲಿಗೆ ಬಂದ ನಂಬರ್ ಕೇಳಿ, ಹಾಕಿ, ಅರ್ಜಿ ಲಾಕ್ ಮಾಡಿದರು. ಆಮೇಲೆ ಅವರದ್ದು. ಅವರದ್ದೂ ಮೊದಲನೆಯದು ಸೇಡಂ. ನಾನು ಪಕ್ಕದಲ್ಲಿ ನಿಂತು ನೋಡಿದೆ. ನನ್ನ ನಾಲಿಗೆ ಬಿದ್ದು ಹೋಗಿತ್ತೇ ಅವತ್ತು? ಒಂದು ಮಾತು ಬೇಡ ಸರ್ ಎಂದು ಗಟ್ಟಿಯಾಗಿ ಅಂದಿದ್ದರೆ ಆಗುತ್ತಿತ್ತು. ಗುರುಗಳ ಮುಂದೆ ಬಾಯಿ ಬರಲಿಲ್ಲ. ಎಂಟು ತಾಸು ಅವರ ಜೊತೆ ಪಾಠ ಮಾಡುವ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಪಟ್ಟಿ ಒಂದು ಮಧ್ಯಾಹ್ನ ಬಂತು. ಮೊಬೈಲಿನಲ್ಲಿ ನೋಡಿದೆ. ಸೇಡಂ, ಇಂಗ್ಲಿಷ್, ಹದಿನಾರು ತಾಸು, ಲುಂಬಿನಿ ಧರ್ಮಣ್ಣ. ಒಂದೇ ಹೆಸರು. ಕೆಳಗೆ ಎಳೆದೆ, ಮೇಲೆ ಎಳೆದೆ, ಪೂರ್ತಿ ಜಿಲ್ಲೆ ನೋಡಿದೆ. ಅರ್ಹತೆ ಇದ್ದವರಿಗೆ ಮೊದಲು, ಇಲ್ಲದವರಿಗೆ ಉಳಿದದ್ದು. ಇಂಗ್ಲಿಷಿನಲ್ಲಿ ಉಳಿದದ್ದು ಸೊನ್ನೆ ಎಂದು ಬರೆದಿತ್ತು. ಅಪ್ಪ ಕೆಲಸದಿಂದ ಬಂದು, "ಏನಾಯ್ತವ್ವಾ, ಸಿಕ್ತೇನು?" ಎಂದು ಖುಷಿಯಿಂದ ಕೇಳಿದ. ಸಿಕ್ಕಿತು ಎಂದು ಹೇಳಿ ಹಿತ್ತಿಲಿಗೆ ಹೋಗಿ ಪಟ್ಟಿಯನ್ನು ಮತ್ತೆ ಮೊದಲಿನಿಂದ ನೋಡಿದೆ.

ಮರುದಿನ ಮಡಿವಾಳಯ್ಯ ಸರ್ ಎದುರಿಗೆ ನಿಂತೆ. ಅವರು ಕೆಟ್ಟವರಲ್ಲ. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ತೋರಿಸಿದರು.

"ನೋಡವ್ವಾ, ನೀನೇ ನೋಡು. ಹದಿನಾರು ತಾಸಿಗಿ ಒಂದೇ ಡಬ್ಬಿ. ಒಂದೇ ಹೆಸರು ತಗೋತದ. ಮೊದಲು ನಾನೇ ಪೆನ್ಸಿಲ್‌ಲೆ ಅರ್ಧ ಅರ್ಧ ಮಾಡ್ತಿದ್ದೆ. ಈಗ ಪೆನ್ಸಿಲ್ ಹಾಕ್ಲಿಕ್ಕಿ ಜಾಗಾನೇ ಇಲ್ಲ."

"ನಾ ಬಿಟ್ಟು ಬಿಡ್ತೀನ್ರಿ ಸರ್. ಬರಕೊಡ್ತೀನಿ. ಅವರಿಗಿ ಕೊಡ್ರಿ."

"ನೀ ಬಿಟ್ರ ಅವನಿಗಿ ಬರಂಗಿಲ್ಲ. ಎರಡನೇ ಸುತ್ತಿಗಿ ಹೋಗ್ತದ. ಪಾಸಾದವರು ನೂರಾರು ಮಂದಿ ಕಾಯ್ಲಿಕತ್ತಾರ. ಎಲ್ಲಿಂದರ ಒಬ್ರು ಬಂದು ಕೂಡ್ತಾರ. ನಿನಗೂ ಹೋಯ್ತು, ಅವನಿಗೂ ಹೋಯ್ತು." ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. "ದೇವಾನಂದ ನಿನ್ನೇನೇ ಬಂದಿದ್ದ. ಇದೇ ಡಬ್ಬಿ ಅವನಿಗೂ ತೋರಿಸೀನಿ. ಭಾಳ ಹೊತ್ತು ನೋಡಿದ, ಎದ್ದು ಹೋದ."

ನಾನಿಲ್ಲದಿದ್ದರೆ ಮೊದಲನೆಯ ಸುತ್ತಿನಲ್ಲೇ ಬೇರೆ ಯಾರೋ ಬಂದು ಕೂರುತ್ತಿದ್ದರು, ನಿನ್ನದೇನೂ ತಪ್ಪಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಇರಬಹುದು. ಆದರೆ ಬಂದು ಕೂತವಳು ನಾನು.

ಅಲ್ಲಿಂದ ನೇರ ಆಡಕಿಗೆ ಹೋದೆ. ಸರ್ ಮನೆಯಲ್ಲಿ ಇರಲಿಲ್ಲ. ಅನಸುಬಾಯಿ ಹೊಸ್ತಿಲಲ್ಲಿ ಕೂತು ತೊಗರಿ ಬೇಳೆ ಹಸನು ಮಾಡುತ್ತಿದ್ದಳು. "ಜೈ ಭೀಮ್ ಆಯಿ" ಎಂದೆ. ನನ್ನನ್ನು ನೋಡಿದ ಕೂಡಲೇ ಮೊರ ಕೆಳಗಿಟ್ಟು ಒಳಗೆ ಹೋದಳು. ಸ್ಟೀಲಿನ ಲೋಟದಲ್ಲಿ ನೀರಿನ ಸದ್ದಾಯಿತು. ಹಲ್ಲು ಹಾಕಿಕೊಂಡು, ಸೆರಗು ಸರಿಮಾಡಿಕೊಂಡು ಬಂದು ಬಾಯಿ ತುಂಬ ನಕ್ಕಳು.

"ಬಾ ನನ್ನವ್ವಾ, ಕೂಡು. ನನ್ ಮಗ ಹೇಳ್ಯಾನ. ಇಬ್ರೂ ಕೂಡಿ ಪಾಠ ಮಾಡ್ತೀರಂತ. ಎಂಟು ತಾಸು ನೀ, ಎಂಟು ತಾಸು ಅವ. ನಿನ್ನ ಜೊತಿ ಇದ್ರ ಅವನೂ ಆ ಪರೀಕ್ಷಾ ಪಾಸಾಗ್ತಾನ ಬಿಡು. ನೀ ಶಾಣ್ಯಾಕಿ ಇದ್ದಿ." ನನ್ನ ಮುಖವನ್ನು ಎರಡೂ ಕೈಯಲ್ಲಿ ಸವರಿ ಲಟಿಕೆ ಮುರಿದಳು.

ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಬಾಗಿಲಲ್ಲಿ ಸರ್ ನಿಂತಿದ್ದರು. ಬೇಡ ಎಂದು ತಲೆ ಅಲ್ಲಾಡಿಸಿದರು.

ಹೊರಗೆ ಬಂದು ಬಾವಿಕಟ್ಟೆಯ ಹತ್ತಿರ ನಿಂತೆವು. ನಾನು ಕ್ಷಮಿಸಿ ಎನ್ನಬೇಕು ಎಂದುಕೊಂಡೇ ಬಂದವಳು. ಆದರೆ ಬಾಯಿಗೆ ಬಂದದ್ದೇ ಬೇರೆ.

"ನಾ ಚಿಂಚೋಳಿ ಹಾಕ್ತೀನಿ ಅಂದಿದ್ದೆ! ನೀವೇ ಬ್ಯಾಡ ಅಂದ್ರಿ. ನಿಮ್ಮ ಕೈಯಾರೆ ಒತ್ತಿದ್ರಿ. ಒಂದು ಮಾತಿಗಿ ನೂರು ಅರ್ಥ ಹೇಳ್ತಿದ್ರಲ್ಲ ಸರ್, ಅಲ್ಲಿ ಬರದಿದ್ದ ನಿಯಮಕ್ಕ ಒಂದೇ ಅರ್ಥ ಅದ ಅಂತ ನಿಮಗ ಯಾಕ ತಿಳೀಲಿಲ್ಲ?"

ಎಂಥ ಮಾತು ಆಡಿದೆ ಎಂದು ಆಡಿದ ಮೇಲೆ ಗೊತ್ತಾಯಿತು. ಸರ್ ಬಾವಿಕಟ್ಟೆಗೆ ಕೈ ಊರಿ ಕೂತರು.

"ತಿಳೀಲಿಲ್ಲವ್ವಾ," ಎಂದರು. "ಹಂಚ್ಕೊಂಡು ತಿನ್ನಬ್ಯಾಡ್ರಿ ಅಂತ ಯಾರರ ನಿಯಮ ಮಾಡ್ತಾರ ಅಂತ ನನಗ ಅನಿಸಲೇ ಇಲ್ಲ." ಎದ್ದು ನಿಂತು, "ಸೋಮವಾರ ಬಂದು ಜಾಯಿನ್ ಆಗು. ನೀ ಬಿಟ್ರ ನಂದು ಹದಿನಾಲ್ಕು ವರ್ಷ ಪೂರಾ ನೀರಾಗ ಹೋಯ್ತು. ಅವ್ವಗ ನಾ ಟೈಮ್ ನೋಡಿ ಹೇಳ್ತೀನಿ" ಎಂದರು.

ಸೋಮವಾರ ಹೋದೆ. ಬೇರೆ ಏನು ಮಾಡಬಹುದಿತ್ತು, ನನಗೆ ಇವತ್ತಿಗೂ ಗೊತ್ತಿಲ್ಲ. ಸಹಿ ಮಾಡಿ ಸ್ಟಾಫ್‌ರೂಮಿನಲ್ಲಿ ಒಂದು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದೆ. ಸರ್ ಕುರ್ಚಿ ಖಾಲಿ ಇತ್ತು, ಅದರ ಹತ್ತಿರ ಹೋಗಲಿಲ್ಲ. ಹತ್ತೂವರೆಗೆ ಬಾಗಿಲಲ್ಲಿ ಸದ್ದಾಯಿತು.

"ಒಳಗ ಬರ್ಲೇನ್ರಿ, ಮೇಡಂ?"

ಯಾವ ಮೇಡಂ ಎಂದು ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಸರ್ ಅದೇ ಬಿಳಿ ಅಂಗಿಯಲ್ಲಿ ಹೊಸ್ತಿಲಿನ ಆಚೆ ನಿಂತಿದ್ದರು. ಹತ್ತು ವರ್ಷ ಏ ಲುಂಬಿನಿ ಎಂದು ಕರೆದ ಬಾಯಿ ಅದು.

"ಸರ್, ಹಂಗ ಅನಬ್ಯಾಡ್ರಿ. ನಿಮ್ಮ ಕಾಲಿಗಿ ಬೀಳ್ತೀನಿ."

"ಇಲ್ಲಿ ಹಂಗೇ ಅನ್ಬೇಕ್ರಿ. ಹುಡುಗ್ರು ಕೇಳಿಸ್ಕೋತಾರ. ನಾವೇ ಮರ್ಯಾದಿ ಕೊಡ್ಲಿಲ್ಲಂದ್ರ ಅವರು ಎಲ್ಲಿಂದ ಕಲೀತಾರ?" ಹಾಜರಿ ಪುಸ್ತಕ, ಕಪಾಟಿನ ಕೀಲಿ, ಅರ್ಧ ಖಾಲಿಯಾದ ಚಾಕ್‌ಪೀಸ್ ಡಬ್ಬಿ ಒಂದೊಂದೇ ಮೇಜಿನ ಮೇಲೆ ಇಟ್ಟರು. ಕೊನೆಗೆ ಆ ಇನ್ನೂರು ಪುಟದ ನೋಟ್‌ಬುಕ್. "ಇದೂ ಇಲ್ಲೇ ಇರ್ಲಿ. ಹೊಸ ಮಕ್ಕಳು ಬರ್ತಾವಲ್ರಿ, ಬರಸ್ಕೋರಿ. ಹಿಂದ ಇನ್ನಾ ಜಾಗಾ ಅದ." ಕುಂದ್ರಿ ಸರ್ ಎಂದೆ. ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು. ಅವರಿಗೆ ಬಸ್ಸು ಇದ್ದದ್ದು ಮಧ್ಯಾಹ್ನ ಎರಡಕ್ಕೆ.

ಇಪ್ಪತ್ತು ದಿನ ಕಳೆದಿರಬೇಕು. ತೌಸೀಫ್ ಫೋನ್ ಮಾಡಿದ. ಈಗ ಅಪ್ಪನ ಮೈಕ್‌ಸೆಟ್ ಆಟೋ ಅವನೇ ನೋಡಿಕೊಳ್ಳುತ್ತಾನೆ.

"ಲುಂಬಿನಿ, ಸರ್ ನಮ್ಮ ಆಟೋದಾಗ ಕೂಡ್ಲಿಕತ್ತಾರ. ಮೈಕಿನ್ಯಾಗ ಒದರ್ಲಿಕ್ಕಿ. ಅಲ್ಲಾನಾಣಿ ನಾ ಕರದಿಲ್ಲ, ಅವರೇ ಬಂದು ಕೇಳಿದ್ರು. ಬ್ಯಾಡ ಅನ್ಲಿಕ್ಕಿ ನನಗ ಬಾಯಿ ಬರ್ಲಿಲ್ಲ. ರಿಕಾರ್ಡ್ ಮಾಡಿ ಕೊಡ್ರಿ, ನಾವು ಹಾಕ್ಕೋತೀವಿ ಅಂದ್ರೂ ಕೇಳಂಗಿಲ್ಲ. ಊರು ನೋಡಿ ಮಾತು ಬದಲಾಸ್ಬೇಕಂತ. ಶಹಾಬಾದಿನ್ಯಾಗ ಉರ್ದೂ, ಚಿಂಚೋಳಿ ಕಡಿ ಎರಡು ತೆಲುಗು ಮಾತು. ಮಂದಿ ನಿಂತು ಕೇಳ್ತಾರ, ಗೊತ್ತದ?"

ಗೊತ್ತಿಲ್ಲದೆ ಏನು. ಆ ದನಿಯನ್ನು ನಾನು ಮೂರು ವರ್ಷ ಮುಂದಿನ ಬೆಂಚಿನಲ್ಲಿ ಕೂತು ಕೇಳಿದವಳು. ಈಗ ಅದೇ ದನಿಯಲ್ಲಿ ಬಟ್ಟೆ ಅಂಗಡಿಯ ರಿಯಾಯಿತಿ, ಕಣ್ಣಿನ ತಪಾಸಣೆ ಶಿಬಿರ, ನಳದ ನೀರು ನಾಳೆ ಬರುವುದಿಲ್ಲ. ಒಂದು ಸಲ ಅನಸುಬಾಯಿಯ ಬಗ್ಗೆ ಕೇಳಿದೆ. ಮಗ ಕಾಲೇಜಿಗೇ ಹೋಗುತ್ತಾನೆ ಎಂದು ಮುದುಕಿ ಇನ್ನೂ ತಿಳಿದಿದ್ದಾಳೆ ಎಂದ ತೌಸೀಫ್. ದಿನಾ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು ಇಟ್ಟುಕೊಂಡೇ ಸರ್ ಆಟೋ ಹತ್ತುತ್ತಾರಂತೆ.

ನಾನು ಹೊಸ ಮಕ್ಕಳಿಗೆ ಮೊದಲ ಪಾಠ ಅದನ್ನೇ ಮಾಡಿದೆ. ಬೇರೆ ಪಾಠ ನನಗೆ ಬರುವುದಿಲ್ಲ. ಬೋರ್ಡಿನ ಮೇಲೆ ಮೂರಕ್ಷರ ಬರೆದು, ಮಂದಿ ಬಾಯಿ ನೋಡ್ರಿ ಎಂದು ಕಳಿಸಿದೆ. ಮರುದಿನ ಬರೆದುಕೊಳ್ಳಲು ಸರ್ ನೋಟ್‌ಬುಕ್ ತೆರೆದು ಕೂತೆ. ಐನಾಪುರದಿಂದ ಬರುವ ಪ್ರಮಿತಾ ಎಂಬ ಹುಡುಗಿ ಎದ್ದು ತನ್ನ ಪಟ್ಟಿ ಓದತೊಡಗಿದಳು. ಆಗ ರಸ್ತೆಯ ಕೊನೆಯಿಂದ ಆ ದನಿ ಕೇಳಿಸಿತು. ಯಾವುದೋ ಸೀರೆ ಅಂಗಡಿಯ ಹೆಸರು. ಒಂದೊಂದು ಅಕ್ಷರವೂ ಬಿಡಿ ಬಿಡಿಯಾಗಿ, ಸ್ಪಷ್ಟ. ದನಿ ಹತ್ತಿರ ಬಂತು, ಗೇಟಿನವರೆಗೆ ಬಂತು, ಅಲ್ಲಿ ನಿಂತಿತು. ಆಟೋ ಮಾತ್ರ ಟರ್ ಟರ್ ಎಂದು ಕಂಪೌಂಡಿನ ಉದ್ದಕ್ಕೂ ಹೋಯಿತು. ನೀರಿನ ಟಾಕಿ ದಾಟಿದ ಮೇಲೆ ಮತ್ತೆ ಅದೇ ದನಿ, ಅದೇ ಸೀರೆ ಅಂಗಡಿ.

ಮೈಕು ಕೆಟ್ಟಿತ್ತೇನೋ ಎಂದುಕೊಂಡೆ. ಆದರೆ ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ಗೇಟಿಗೆ ಬಂದ ಕೂಡಲೇ ಬಂದ್, ಟಾಕಿ ದಾಟಿದ ಮೇಲೆ ಶುರು. ನನ್ನನ್ನು ನೋಡಲಾಗದೆ ನಿಲ್ಲಿಸುತ್ತಾರೆ ಎಂದು ಅನಿಸಿತು. ತಡೆಯದೆ ತೌಸೀಫ್‌ಗೆ ಫೋನ್ ಮಾಡಿ ಯಾಕೆ ಎಂದು ಕೇಳಿದೆ. ಅವನು ಹೇಳಲೋ ಬೇಡವೋ ಎಂದು ತಡವರಿಸಿದ.

"ಒಳಗ ಕ್ಲಾಸ್ ನಡದಿರ್ತದ, ಮೇಡಂಗ ತ್ರಾಸ ಆಗ್ತದ ಅಂತಾರ."

ಈಗ ದಿನಾ ಹನ್ನೊಂದರ ಸುಮಾರಿಗೆ ಆ ಆಟೋ ಬರುತ್ತದೆ. ಗೇಟಿನಲ್ಲಿ ದನಿ ನಿಂತ ಕೂಡಲೇ ನನ್ನ ಬಾಯಿಯೂ ನಿಲ್ಲುತ್ತದೆ. ಅವರು ಬಿಟ್ಟುಕೊಟ್ಟ ಆ ಒಂದು ನಿಮಿಷದಲ್ಲಿ ನಾನು ಪಾಠ ಮಾಡಬೇಕು, ಅದಕ್ಕಾಗಿಯೇ ಅವರು ಸುಮ್ಮನಾಗುವುದು. ನನ್ನಿಂದ ಆಗುವುದಿಲ್ಲ. ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ನಿನ್ನೆ ಪ್ರಮಿತಾ ಎದ್ದು ನಿಂತು, "ಮೇಡಂ, ಮುಂದ ಓದ್ಲೇನ್ರಿ?" ಎಂದು ಕೇಳಿದಳು.

"ತಡಿಯವ್ವಾ," ಎಂದೆ. "ಸರ್ ಟಾಕಿ ದಾಟ್ಲಿ."